ಗುಜರಿಗೆ ಹೋದ ‘ಮೈಸೂರು’, ಇನ್ನೂ ಕಡಲಲ್ಲಿರುವ ‘ಮೈಸೂರು’

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಐಎನ್‌ಎಸ್ ಮೈಸೂರು ಹೊಸ ಹೆಸರಲ್ಲ. ದೆಹಲಿ ವರ್ಗದ ಡೆಸ್ಟ್ರಾಯರ್, ಮುಂಬೈನ ಮಜಗಾಂವ್ ಡಾಕ್‌ನಲ್ಲಿ ನಿರ್ಮಾಣ, 1999ರ ಜೂನ್ 2ರಂದು ನೌಕಾಪಡೆಗೆ ಸೇರ್ಪಡೆ, ಲಾಂಛನದಲ್ಲಿ ನಮ್ಮ ಗಂಡಭೇರುಂಡ. ಇಷ್ಟು ಗೊತ್ತಿದ್ದರೆ ಒಂದು ಅಂಕ ಗ್ಯಾರಂಟಿ. ಆದರೆ ಇದು ಎರಡನೆಯ ಮೈಸೂರು. ಮೊದಲನೆಯದು ಬ್ರಿಟಿಷರ ಯುದ್ಧನೌಕೆ. ಎರಡನೇ ಮಹಾಯುದ್ಧದಲ್ಲಿ ಟಾರ್ಪಿಡೊ ಏಟು ತಿಂದು ಬದುಕಿ, ಭಾರತಕ್ಕೆ ಬಂದು, 28 ವರ್ಷ ನಮ್ಮ ಬಾವುಟ ಹೊತ್ತು ಸಾಗಿದ ಕ್ರೂಸರ್ ಅದು. ಅದೀಗ ಎಲ್ಲಿದೆ ಎಂಬ ಪ್ರಶ್ನೆ ಯಾವ ಗೈಡ್‌ನಲ್ಲೂ ಕಾಣುವುದಿಲ್ಲ. ಉತ್ತರವೂ ಚಿಕ್ಕದೇ: ಗುಜರಿಗೆ ಹೋಯಿತು.

ಹಳೆಯ ಯುದ್ಧನೌಕೆಗಳನ್ನು ಉಳಿಸಬೇಕೇ, ಒಡೆಯಬೇಕೇ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತದೆ. ಪ್ರತಿಸಲವೂ ಅದು ಏಳುವುದು ಹಡಗು ಒಡೆಯುವವರ ಅಂಗಳ ಸೇರಿದ ಮೇಲೆ. ನನ್ನ ವಾದ ಸರಳ. ಈಗಿನ ಐಎನ್‌ಎಸ್ ಮೈಸೂರಿಗೆ 25 ವರ್ಷ ದಾಟಿದೆ. ಚರ್ಚೆ ಮಾಡುವುದಿದ್ದರೆ ಈಗಲೇ ಮಾಡಬೇಕು. ಯಾಕೆ ಎಂದು ತಿಳಿಯಲು ಮೊದಲನೆಯ ಮೈಸೂರಿನ ಕಥೆಯಿಂದ ಶುರು ಮಾಡೋಣ.

ಅದರ ಹುಟ್ಟುಹೆಸರು ಎಚ್‌ಎಂಎಸ್ ನೈಜೀರಿಯಾ. 1939ರ ಜುಲೈನಲ್ಲಿ, ಮಹಾಯುದ್ಧ ಶುರುವಾಗಲು ಒಂದೂವರೆ ತಿಂಗಳಿದ್ದಾಗ, ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ನೀರಿಗಿಳಿಯಿತು. ಬ್ರಿಟನ್ ತನ್ನ ವಸಾಹತುಗಳ ಹೆಸರಿಟ್ಟು ಕಟ್ಟಿಸಿದ ‘ಕ್ರೌನ್ ಕಾಲೊನಿ’ ವರ್ಗದ ಕ್ರೂಸರ್‌ಗಳಲ್ಲಿ ಅದೂ ಒಂದು. 1941ರ ಜೂನ್‌ನಲ್ಲಿ ಆರ್ಕ್ಟಿಕ್ ಕಡಲಿನ ಮಂಜಿನಲ್ಲಿ ಈ ಕ್ರೂಸರ್ ಮತ್ತು ಜತೆಗಿದ್ದ ಡೆಸ್ಟ್ರಾಯರ್‌ಗಳು ‘ಲೌವೆನ್‌ಬುರ್ಗ್’ ಎಂಬ ಜರ್ಮನ್ ಹಡಗನ್ನು ಹಿಡಿದವು. ಹವಾಮಾನ ವರದಿ ಕಳಿಸುವ ಪುಟ್ಟ ಹಡಗು ಅಷ್ಟೇ. ಬೇಟೆ ಮಾತ್ರ ದೊಡ್ಡದು: ಜರ್ಮನ್ ನೌಕಾಪಡೆಯ ಎನಿಗ್ಮಾ ಗೂಢಲಿಪಿಯ ದಾಖಲೆಗಳು ಅದರಲ್ಲಿ ಸಿಕ್ಕವು. ಮರುತಿಂಗಳ ಜರ್ಮನ್ ಸಂದೇಶಗಳನ್ನು ಓದಲು ಬ್ಲೆಚ್ಲಿ ಪಾರ್ಕ್‌ನವರಿಗೆ ಅವು ನೆರವಾದವು. ಮರುವರ್ಷ, 1942ರ ಆಗಸ್ಟ್ 12ರಂದು, ಮಾಲ್ಟಾ ದ್ವೀಪಕ್ಕೆ ಆಹಾರ, ಇಂಧನ ಒಯ್ಯುತ್ತಿದ್ದ ಹಡಗುಗಳಿಗೆ ಕಾವಲಾಗಿ ಹೋಗುತ್ತಿದ್ದಾಗ ಇಟಲಿಯ ಜಲಾಂತರ್ಗಾಮಿ ಹಾರಿಸಿದ ಟಾರ್ಪಿಡೊ ಬಡಿಯಿತು. 52 ಮಂದಿ ಸತ್ತರು. ಹಡಗು ಮುಳುಗಲಿಲ್ಲ. ಅಮೆರಿಕಕ್ಕೆ ಹೋಗಿ ರಿಪೇರಿ ಮಾಡಿಸಿಕೊಂಡು ಮತ್ತೆ ಯುದ್ಧಕ್ಕೆ ಬಂತು.

ಸ್ವತಂತ್ರ ಭಾರತ ಅದನ್ನು 1954ರಲ್ಲಿ ಖರೀದಿಸಿತು. ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಹೊಸದೆನ್ನುವಷ್ಟು ದುರಸ್ತಿಯಾಗಿ 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಎಂಬ ಹೆಸರು ಪಡೆಯಿತು. ಆಗ ನಮ್ಮ ರಾಜ್ಯದ ಹೆಸರೂ ಮೈಸೂರೇ. ಏಕೀಕರಣವಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಅಧ್ಯಾಯ 1961ರದು. ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಕಾರವಾರದ ಎದುರಿಗಿರುವ ಅಂಜುದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸುವ ಹೊಣೆ ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ಮೇಲೆ ಬಿತ್ತು. ಡಿಸೆಂಬರ್ 18ರ ಬೆಳಿಗ್ಗೆ ನೌಕಾಪಡೆಯ ತುಕಡಿ ದ್ವೀಪಕ್ಕೆ ಇಳಿಯಿತು. ಒಳಗಿದ್ದವರು ಗುಂಡಿನ ಮಳೆ ಸುರಿಸಿದರು. ಏಳು ಮಂದಿ ಭಾರತೀಯರು ಪ್ರಾಣ ಕಳೆದುಕೊಂಡರು. ಹಡಗುಗಳು ಶೆಲ್ ದಾಳಿ ನಡೆಸಿದವು, ಮರುದಿನ ದ್ವೀಪ ಕೈವಶವಾಯಿತು. ಇವತ್ತು ಆ ದ್ವೀಪ ಸೀಬರ್ಡ್ ನೌಕಾನೆಲೆಯ ಆವರಣದಲ್ಲಿದೆ. ಸೀಬರ್ಡ್‌ಗೆ ಜಮೀನು ಬಿಟ್ಟುಕೊಟ್ಟವರ ಹೋರಾಟ ನಮಗೆ ಗೊತ್ತು, ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ಫೋಟೊಗಳನ್ನೂ ನೋಡಿದ್ದೇವೆ. ಅದೇ ನೀರಿನಲ್ಲಿ ‘ಮೈಸೂರು’ ಹೆಸರಿನ ಹಡಗು ಯುದ್ಧ ಮಾಡಿತ್ತು ಎಂಬುದನ್ನು ಮಾತ್ರ ನಮ್ಮ ಪಠ್ಯಪುಸ್ತಕ ಓದಿ ಬೆಳೆದವರ ಬಾಯಲ್ಲಿ ನಾನು ಕೇಳಿಲ್ಲ.

1971ರ ಯುದ್ಧದಲ್ಲಿ ಅದು ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು. 1985ರ ಆಗಸ್ಟ್‌ನಲ್ಲಿ ನಿವೃತ್ತಿ. ಆಮೇಲೆ ಗುಜರಿ. ಉಳಿದದ್ದು ಹೆಸರು ಮತ್ತು ಒಂದು ಸಂಖ್ಯೆ. ನೈಜೀರಿಯಾ ಆಗಿದ್ದಾಗಲೂ ಅದರ ಪಕ್ಕೆಯ ಮೇಲಿನ ಸಂಖ್ಯೆ 60, ಮೈಸೂರು ಆದಾಗಲೂ 60. ಈಗಿನ ಡೆಸ್ಟ್ರಾಯರ್ ಮೇಲೂ ‘ಡಿ 60’ ಎಂದೇ ಬರೆದಿದೆ.

ಇಲ್ಲಿ ಬ್ರಿಟಿಷರು ಏನು ಮಾಡಿದರು ಎಂದು ನೋಡುವುದು ಒಳ್ಳೆಯದು. ಲಂಡನ್‌ನ ಥೇಮ್ಸ್ ನದಿಯಲ್ಲಿ ಎಚ್‌ಎಂಎಸ್ ಬೆಲ್‌ಫಾಸ್ಟ್ ಎಂಬ ಕ್ರೂಸರ್ 1971ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿದೆ. ನಮ್ಮ ಮೈಸೂರಿನ ಕಾಲದ್ದೇ, ಅದೇ ಆರು ಇಂಚಿನ ಫಿರಂಗಿಗಳ ಹಡಗು. ಅದು ಉಳಿದ ಬಗೆ ಕೇಳಿ. 1967ರಲ್ಲಿ ಇಂಪೀರಿಯಲ್ ವಾರ್ ಮ್ಯೂಸಿಯಂನವರು ಒಂದು ಫಿರಂಗಿ ಗೋಪುರವನ್ನಷ್ಟೇ ತರೋಣ ಎಂದು ಎಚ್‌ಎಂಎಸ್ ಗ್ಯಾಂಬಿಯಾ ನೋಡಲು ಹೋದರು. ನೋಡಿದ ಮೇಲೆ, ಗೋಪುರ ಯಾಕೆ, ಇಡೀ ಹಡಗನ್ನೇ ಉಳಿಸಬಾರದೇಕೆ ಎನ್ನಿಸಿತು. ಗ್ಯಾಂಬಿಯಾ ಅಷ್ಟರಲ್ಲಿ ತುಂಬಾ ಹಾಳಾಗಿತ್ತು. ಹಾಗಾಗಿ ಕಣ್ಣು ಬೆಲ್‌ಫಾಸ್ಟ್ ಮೇಲೆ ಬಿತ್ತು. ಸರ್ಕಾರ ಅದನ್ನೂ ಗುಜರಿಗೆ ಹಾಕಲು ತೀರ್ಮಾನಿಸಿತ್ತು. ಅದರ ಮಾಜಿ ಕ್ಯಾಪ್ಟನ್, ಆಗ ಸಂಸತ್ ಸದಸ್ಯರಾಗಿದ್ದ ಮೋರ್ಗನ್ ಮೋರ್ಗನ್-ಗೈಲ್ಸ್ ಒಂದು ಟ್ರಸ್ಟ್ ಕಟ್ಟಿಕೊಂಡು ಹಟ ಹಿಡಿದರು, ಗೆದ್ದರು. ಗ್ಯಾಂಬಿಯಾ ಮತ್ತು ನೈಜೀರಿಯಾ ಒಂದೇ ವರ್ಗದ ಅಕ್ಕತಂಗಿಯರು. ಲಂಡನ್‌ನವರು ಒಂದು ಹಡಗಿಗಾಗಿ ಹುಡುಕುತ್ತಿದ್ದಾಗ ಆ ವರ್ಗದ ‘ಮೈಸೂರು’ ಅರಬ್ಬಿ ಸಮುದ್ರದಲ್ಲಿ ಚೆನ್ನಾಗಿಯೇ ಓಡಾಡಿಕೊಂಡಿತ್ತು. ಇವತ್ತು ಆ ವರ್ಗದ ಒಂದು ಹಡಗೂ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ.

ಹಾಗಂತ ಬ್ರಿಟಿಷರು ಎಲ್ಲವನ್ನೂ ಜೋಪಾನ ಮಾಡಿದರು ಎಂದುಕೊಳ್ಳಬೇಡಿ. ಟ್ರಫಾಲ್ಗರ್ ಕದನ ಕಂಡಿದ್ದ ಇಂಪ್ಲೇಕಬಲ್ ಎಂಬ ಮರದ ಹಡಗನ್ನು ದುರಸ್ತಿಗೆ ದುಡ್ಡಿಲ್ಲ ಎಂದು 1949ರ ಡಿಸೆಂಬರ್‌ನಲ್ಲಿ ತಾವೇ ಸಮುದ್ರಕ್ಕೆ ಒಯ್ದು ಸ್ಫೋಟಿಸಿ ಮುಳುಗಿಸಿದರು. ಇಪ್ಪತ್ತನೇ ಶತಮಾನದ ತಮ್ಮ ಬೃಹತ್ ಬ್ಯಾಟಲ್‌ಶಿಪ್‌ಗಳಲ್ಲಿ ಒಂದನ್ನೂ ಉಳಿಸಿಕೊಳ್ಳಲಿಲ್ಲ. 1860ರ ಕಬ್ಬಿಣದ ಹಡಗು ‘ವಾರಿಯರ್’ ಉಳಿದದ್ದು ಯಾರ ಪ್ರೀತಿಯಿಂದಲೂ ಅಲ್ಲ. ದಶಕಗಳ ಕಾಲ ಅದು ಎಣ್ಣೆ ತುಂಬಿಸುವ ತೇಲುಕಟ್ಟೆಯಾಗಿ ಕೆಲಸಕ್ಕೆ ಬರುತ್ತಿತ್ತು, ಅದಕ್ಕೆ.

ನಮ್ಮ ಲೆಕ್ಕ ಇನ್ನೂ ಕಹಿ. ಐಎನ್‌ಎಸ್ ವಿಕ್ರಾಂತ್ ಕೂಡ ಮೂಲತಃ ಬ್ರಿಟಿಷ್ ಹಡಗು, ಹರ್ಕ್ಯುಲಿಸ್. ಮಹಾಯುದ್ಧ ಮುಗಿದಾಗ ಅರ್ಧಕ್ಕೆ ನಿಂತಿದ್ದ ಅದನ್ನು ಭಾರತ 1957ರಲ್ಲಿ ಕೊಂಡಿತು, 1961ರಲ್ಲಿ ಸೇವೆಗೆ ಸೇರಿಸಿತು. 1997ರಲ್ಲಿ ನಿವೃತ್ತಿಯಾದ ಮೇಲೆ ಮುಂಬೈನಲ್ಲಿ ಕೆಲಕಾಲ ವಸ್ತುಸಂಗ್ರಹಾಲಯವಾಗಿತ್ತು. 2012ರಲ್ಲಿ ಸುರಕ್ಷತೆಯ ಕಾರಣಕ್ಕೆ ಬಾಗಿಲು ಮುಚ್ಚಿತು. 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಹರಾಜು, ಸುಪ್ರೀಂ ಕೋರ್ಟ್‌ನಲ್ಲಿ ಅರ್ಜಿ ವಜಾ, ಗ್ಯಾಸ್ ಕಟರ್. ಅದರ ಉಕ್ಕು ಬೆರೆಸಿದ ಪೆಟ್ರೋಲ್ ಟ್ಯಾಂಕಿನ ಬೈಕ್ ಬಂದಾಗ ನಮ್ಮಲ್ಲಿ ಎಷ್ಟೋ ಮಂದಿ ಹೆಮ್ಮೆಯಿಂದ ಕೊಂಡರು. ಹೆಮ್ಮೆ ಪಡುವುದೋ ನಾಚುವುದೋ ನನಗೆ ಈಗಲೂ ಗೊತ್ತಾಗಿಲ್ಲ. ಇನ್ನೊಂದು ಬ್ರಿಟಿಷ್ ವಿಮಾನವಾಹಕ ನೌಕೆ ಹರ್ಮಿಸ್, ನಮ್ಮ ವಿರಾಟ್. 2017ರಲ್ಲಿ ನಿವೃತ್ತಿ. ಸಿಂಧುದುರ್ಗದ ಬಳಿ 852 ಕೋಟಿ ರೂಪಾಯಿಯ ಯೋಜನೆಗೆ 2018ರಲ್ಲಿ ಮಹಾರಾಷ್ಟ್ರ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಕೊನೆಗೆ 38.54 ಕೋಟಿಗೆ ಗುಜರಿಗೆ ಮಾರಾಟವಾಗಿ 2020ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಅಲಂಗ್ ಸೇರಿತು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅಷ್ಟರಲ್ಲಿ ಒಡೆಯುವ ಕೆಲಸ ಬಹಳ ಮುಂದೆ ಹೋಗಿತ್ತು. ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯಿತು.

852 ಕೋಟಿ ಮತ್ತು 38 ಕೋಟಿ. ಈ ಎರಡು ಅಂಕಿಗಳ ನಡುವೆಯೇ ಇಡೀ ಸಮಸ್ಯೆ ಇದೆ. ಹಡಗು ಕೊಳ್ಳುವುದು ಅಗ್ಗ, ಇಟ್ಟುಕೊಳ್ಳುವುದು ದುಬಾರಿ. ಉಪ್ಪುನೀರು ಉಕ್ಕನ್ನು ಹಗಲೂ ರಾತ್ರಿ ತಿನ್ನುತ್ತದೆ. ಕೆಲವು ವರ್ಷಕ್ಕೊಮ್ಮೆ ಡ್ರೈ ಡಾಕ್‌ಗೆ ಎಳೆದು ತಳ ಉಜ್ಜಿ ಬಣ್ಣ ಬಳಿಯಬೇಕು. ಟಿಕೆಟ್ ದುಡ್ಡಿನಲ್ಲಿ ಅದು ಮುಗಿಯುವುದಿಲ್ಲ. ನಮ್ಮಲ್ಲಿ ಉಳಿದಿರುವ ಕೆಲವನ್ನು ನೋಡಿ: ವಿಶಾಖಪಟ್ಟಣದ ಕಡಲತೀರದಲ್ಲಿ ಜಲಾಂತರ್ಗಾಮಿ ಕುರ್ಸುರಾ, ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಕ್ಷಿಪಣಿ ದೋಣಿ ಚಪಲ್. ಎರಡೂ ಗಾತ್ರದಲ್ಲಿ ಚಿಕ್ಕವು, ಎರಡನ್ನೂ ನೀರಿನಿಂದ ಮೇಲೆತ್ತಿ ನೆಲದ ಮೇಲೆ ಕೂರಿಸಲಾಗಿದೆ. ಬ್ರಿಟನ್ನಿನ ವಿಕ್ಟರಿ ಕೂಡ 1922ರಿಂದ ಒಣ ಡಾಕ್‌ನಲ್ಲೇ ಇದೆ. ಮಹಾರಾಷ್ಟ್ರ ಈಗ ನಿವೃತ್ತ ಐಎನ್‌ಎಸ್ ಗುಲ್ದಾರ್ ಅನ್ನು ಸಿಂಧುದುರ್ಗದ ಬಳಿ ಮುಳುಗಿಸಿ ನೀರೊಳಗಿನ ಮ್ಯೂಸಿಯಂ ಮಾಡಲು ಹೊರಟಿರುವುದೂ ಇದೇ ಲೆಕ್ಕಾಚಾರದ ಇನ್ನೊಂದು ತುದಿ: ತೇಲಿಸುವ ಖರ್ಚೇ ಬೇಡ.

ಚಪಲ್ ಬಗ್ಗೆ ಒಂದು ಮಾತು. ಅದು 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ದೋಣಿ ಎಂದು ಎಷ್ಟೋ ಪ್ರವಾಸಿ ಬರಹಗಳಲ್ಲಿ, ರೀಲ್ಸ್‌ಗಳಲ್ಲಿ ಬರುತ್ತದೆ. ಅದು ನೌಕಾಪಡೆಗೆ ಸೇರಿದ್ದು 1976ರಲ್ಲಿ. ಕರಾಚಿಗೆ ಹೋದದ್ದು ಅದೇ ಸೋವಿಯತ್ ಮಾದರಿಯ ಹಿಂದಿನ ದೋಣಿಗಳಾದ ನಿಪಾತ್, ನಿರ್ಘಾತ್, ವೀರ್. ಹುಟ್ಟುವ ಮೊದಲೇ ಯುದ್ಧ ಗೆದ್ದ ಹಡಗು ಎಂದು ನಗಬಹುದು. ಆದರೆ ಹಡಗನ್ನು ಉಳಿಸಿ ಅದರ ನಿಜವಾದ ಕಥೆಯನ್ನು ಕಳೆದುಕೊಂಡರೆ ಉಳಿಸಿದ್ದು ಬರೀ ಕಬ್ಬಿಣ.

ಹೀಗೆ ನಡೆಯದ್ದನ್ನು ನಡೆದದ್ದೆಂದು ಹೇಳುವುದು ಬೇರೆ, ‘ಹೀಗೆ ನಡೆದಿದ್ದರೆ ಏನಾಗುತ್ತಿತ್ತು’ ಎಂದು ತಿಳಿದೇ ಕೇಳುವುದು ಬೇರೆ. ಎರಡನೆಯದಕ್ಕೆ ಪರ್ಯಾಯ ಇತಿಹಾಸ ಎನ್ನುತ್ತಾರೆ. ಯುದ್ಧನೌಕೆಗಳನ್ನು ಪ್ರೀತಿಸುವವರಿಗೆ ಇದು ದೊಡ್ಡ ಆಟ. ನಮ್ಮ ನಾಡಿನಲ್ಲಿ ಈ ಆಟಕ್ಕೆ ಸಿಗುವ ಅತ್ಯುತ್ತಮ ವಸ್ತು ಹೈದರ್ ಮತ್ತು ಟಿಪ್ಪುವಿನ ನೌಕಾಪಡೆ. (ಟಿಪ್ಪು ಹೆಸರು ಬಂದ ಕೂಡಲೇ ಎರಡು ಗುಂಪಾಗುವುದು ನಮ್ಮ ಅಭ್ಯಾಸ. ಇಲ್ಲಿ ಮಾತು ಹಡಗಿನದು, ಸ್ವಲ್ಪ ತಾಳ್ಮೆ ಇರಲಿ.)

ಹೈದರ್ 1763ರಲ್ಲಿ ಬಿದನೂರು ಗೆದ್ದಾಗ ಮೈಸೂರಿಗೆ ಮೊದಲ ಸಲ ಗಟ್ಟಿಯಾಗಿ ಸಮುದ್ರ ಸಿಕ್ಕಿತು. ಮಂಗಳೂರಿನಲ್ಲಿ ಹಡಗು ಕಟ್ಟಿಸಿದ. 1780ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೇ ಬಂದು ಆ ಹಡಗುಗಳನ್ನು ನಾಶ ಮಾಡಿದ. ನೆಲದ ಮೇಲೆ ಇಂಗ್ಲಿಷರನ್ನು ಸೋಲಿಸಬಲ್ಲೆ, ಸಮುದ್ರವನ್ನು ಬತ್ತಿಸಲಾರೆ ಎಂಬರ್ಥದ ಮಾತು ಹೈದರನ ಹೆಸರಿನಲ್ಲಿ ಪ್ರಚಾರದಲ್ಲಿದೆ. ಅವನು ಹೇಳಿದನೋ ಇಲ್ಲವೋ, ಪರಿಸ್ಥಿತಿ ಮಾತ್ರ ಹಾಗೇ ಇತ್ತು. ಟಿಪ್ಪು 1796ರಲ್ಲಿ ದೊಡ್ಡ ಯೋಜನೆ ಹಾಕಿದ: 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟ್, ಒಟ್ಟು 40.

ಆ 40 ಹಡಗು ಇದ್ದಿದ್ದರೆ ಶ್ರೀರಂಗಪಟ್ಟಣ ಬೀಳುತ್ತಿರಲಿಲ್ಲ ಎಂದು ಹೇಳಿಬಿಡುವುದು ಸುಲಭ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಮುಂಬೈನ ವಾಡಿಯಾ ಕುಟುಂಬದವರು ಹಡಗು ಕಟ್ಟುವುದರಲ್ಲಿ ಪಳಗಿದ ಕೈಗಳು. 1816ರಲ್ಲಿ ಅವರು ಒಂದು ಫ್ರಿಗೇಟ್ ಕಟ್ಟಲು ಶುರು ಮಾಡಿದಾಗ ಅವರ ಹಿಂದೆ ಸುಮಾರು 80 ವರ್ಷದ ಅನುಭವವಿತ್ತು. ಆದರೂ ಅದು ನೀರಿಗಿಳಿದದ್ದು 1817ರ ಅಕ್ಟೋಬರ್‌ನಲ್ಲಿ, ಅಂದರೆ ಒಂದು ಹಡಗಿಗೆ ಒಂದೂವರೆ ವರ್ಷ. ಟಿಪ್ಪುವಿಗೆ ಸಿಕ್ಕಿದ್ದು 1796ರಿಂದ 1799ರವರೆಗೆ, ಮೂರೇ ವರ್ಷ. ಮರ ಒಣಗಬೇಕು, ಫಿರಂಗಿ ಎರಕ ಹೊಯ್ಯಬೇಕು, ಹಗ್ಗ, ಹಾಯಿ, ಎಲ್ಲಕ್ಕಿಂತ ಹೆಚ್ಚಾಗಿ ಬಿರುಗಾಳಿಯಲ್ಲಿ ಹಾಯಿ ಕಟ್ಟಬಲ್ಲ ಸಾವಿರಾರು ಜನ ಬೇಕು. ಇವು ಫರ್ಮಾನಿನಿಂದ ಹುಟ್ಟುವುದಿಲ್ಲ.

ಒಳ್ಳೆಯ ಪರ್ಯಾಯ ಇತಿಹಾಸ ಬದಲಿಸುವುದು ಸಣ್ಣ ಸಂಗತಿಯನ್ನು. ಉದಾಹರಣೆಗೆ 1783. ಫ್ರೆಂಚ್ ಅಡ್ಮಿರಲ್ ಸಫ್ರೆನ್ ಹಿಂದಿನ ವರ್ಷ ಕಡಲೂರಿನಲ್ಲಿ ಹೈದರನನ್ನು ಭೇಟಿಯಾಗಿದ್ದ, ಟ್ರಿಂಕೋಮಲಿ ಬಂದರನ್ನು ಬ್ರಿಟಿಷರಿಂದ ಕಿತ್ತುಕೊಂಡಿದ್ದ. 1783ರ ಜೂನ್ 20ರಂದು ಕಡಲೂರಿನ ಎದುರು ಹ್ಯೂಸ್‌ನ ನೌಕಾಬಲವನ್ನು ಹಿಂದೆ ಸರಿಸಿದ. ದಡದಲ್ಲಿ ಫ್ರೆಂಚರನ್ನು ಮುತ್ತಿದ್ದ ಬ್ರಿಟಿಷ್ ಸೈನ್ಯಕ್ಕೆ ಸಮುದ್ರದ ಆಸರೆ ತಪ್ಪಿತು. ಅಷ್ಟರಲ್ಲಿ, ಯುರೋಪಿನಲ್ಲಿ ಜನವರಿಯಲ್ಲೇ ಒಪ್ಪಂದವಾಗಿದೆ ಎಂಬ ಸುದ್ದಿ ಬಂತು. ಯುದ್ಧ ನಿಂತಿತು. ಆ ಸುದ್ದಿ ಹೊತ್ತ ಹಡಗು ಎರಡು ತಿಂಗಳು ತಡವಾಗಿದ್ದರೆ? ಬ್ರಿಟಿಷರು ಭಾರತ ಬಿಟ್ಟು ಹೋಗುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ 1784ರ ಮಂಗಳೂರು ಒಪ್ಪಂದದ ಮೇಜಿನಲ್ಲಿ ಟಿಪ್ಪುವಿನ ಎದುರು ಕೂತವರ ಧ್ವನಿ ಇನ್ನಷ್ಟು ತಗ್ಗಿರುತ್ತಿತ್ತು.

ಗುಂಡ್ಲುಪೇಟೆ ಕಡೆಯ ನಮಗೆ ಈ ಕಥೆ ಹತ್ತಿರವಾಗುವುದು ಮರದ ಮೂಲಕ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್. ಅಲ್ಲಿ ನಿಂತರೆ ಮಂಜು, ಬಂಡೀಪುರದ ಕಾಡು, ಅದೃಷ್ಟವಿದ್ದರೆ ಆನೆ ಕಾಣುತ್ತದೆ. ಸಮುದ್ರ ಕಾಣುವುದಿಲ್ಲ. ಆದರೆ ಇಲ್ಲಿಂದ ಮುದುಮಲೆ, ಗೂಡಲೂರು ದಾಟಿ ಘಾಟಿ ಇಳಿದರೆ ನಿಲಂಬೂರು. ಹಡಗಿಗೆ ಬೇಕಾದ ತೇಗ ಮುಗಿಯುತ್ತಿದೆ ಎಂದು ಕಂಗಾಲಾಗಿ ಮಲಬಾರಿನ ಕಲೆಕ್ಟರ್ ಕಾನೊಲಿ 1840ರ ದಶಕದಲ್ಲಿ ತೇಗದ ತೋಟ ಹಾಕಿಸಿದ ಜಾಗ ಅದು. ತೇಗ ಯಾಕೆ ಅಷ್ಟು ಮುಖ್ಯ? ಓಕ್ ಮರದ ಹಡಗು ಉಷ್ಣವಲಯದ ನೀರಿನಲ್ಲಿ ಬೇಗ ಕೊಳೆಯುತ್ತದೆ. ತೇಗದಲ್ಲಿ ಎಣ್ಣೆಯಂಶವಿದೆ, ಹುಳು ಸುಲಭಕ್ಕೆ ಹಿಡಿಯುವುದಿಲ್ಲ. ಪಶ್ಚಿಮಘಟ್ಟದ ಆ ಮರ 1792ರವರೆಗೆ ಹೆಚ್ಚಿನಂಶ ಮೈಸೂರಿನ ಹಿಡಿತದಲ್ಲಿತ್ತು. ಆ ವರ್ಷದ ಒಪ್ಪಂದದಲ್ಲಿ ಮಲಬಾರ್ ಹೋಯಿತು, 1799ರಲ್ಲಿ ಕೆನರಾವೂ ಹೋಯಿತು. 1806ರಲ್ಲಿ ಕಂಪನಿ ಮಲಬಾರಿನ ತೇಗ ಹೊಂಚಲೆಂದೇ ಒಬ್ಬ ಅರಣ್ಯಾಧಿಕಾರಿಯನ್ನು ನೇಮಿಸಿತು. ಟಿಪ್ಪು ಕಾಗದದ ಮೇಲೆ ಕಟ್ಟಿದ ಹಡಗುಗಳಿಗೆ ಬೇಕಿದ್ದ ಮರ ಮುಂಬೈನ ಹಡಗುಕಟ್ಟೆ ಸೇರತೊಡಗಿತು.

ಆ ಮಲಬಾರ್ ತೇಗದಲ್ಲಿ ಕಟ್ಟಿದ ಒಂದು ಹಡಗು ಇನ್ನೂ ತೇಲುತ್ತಿದೆ. ವಾಡಿಯಾಗಳು 1817ರಲ್ಲಿ ನೀರಿಗಿಳಿಸಿದ ಫ್ರಿಗೇಟ್ ಎಂದೆನಲ್ಲ, ಅದೇ. ಹೆಸರು ಎಚ್‌ಎಂಎಸ್ ಟ್ರಿಂಕೋಮಲಿ. ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿದೆ, ಇನ್ನೂ ನೀರಿನ ಮೇಲಿರುವ ಬ್ರಿಟನ್ನಿನ ಅತ್ಯಂತ ಹಳೆಯ ಯುದ್ಧನೌಕೆ. ಅದರ ನಕ್ಷೆಗಳನ್ನು ಮೊದಲು ಮುಂಬೈಗೆ ಕಳಿಸಿದ್ದು ‘ಜಾವಾ’ ಎಂಬ ಹಡಗಿನಲ್ಲಿ. ಅದನ್ನು 1812ರಲ್ಲಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಬ್ರೆಜಿಲ್ ಬಳಿ ಸೋಲಿಸಿತು, ನಕ್ಷೆಗಳೂ ಹೋದವು, ಮತ್ತೆ ಕಳಿಸಬೇಕಾಯಿತು. ಆ ಕಾನ್‌ಸ್ಟಿಟ್ಯೂಷನ್ ಕೂಡ ಬಾಸ್ಟನ್‌ನಲ್ಲಿ ಇವತ್ತಿಗೂ ಇದೆ. ನಕ್ಷೆ ಕಳೆದ ಹಡಗೂ ಉಳಿಯಿತು, ಆ ನಕ್ಷೆಯ ಹಡಗೂ ಉಳಿಯಿತು.

ಈಗ ಡಿ 60ಕ್ಕೆ ಬರೋಣ. ನೌಕಾಪಡೆಯ ರಾಜಪೂತ್ ವರ್ಗದ ಡೆಸ್ಟ್ರಾಯರ್‌ಗಳಲ್ಲಿ ರಣಜಿತ್ 36 ವರ್ಷ, ರಾಜಪೂತ್ 41 ವರ್ಷ ಸೇವೆ ಮಾಡಿ ನಿವೃತ್ತವಾದವು. ಆ ಲೆಕ್ಕದಲ್ಲಿ ಐಎನ್‌ಎಸ್ ಮೈಸೂರು ನಿವೃತ್ತವಾಗುವುದು 2035ರಿಂದ 2040ರ ಆಸುಪಾಸಿನಲ್ಲಿ. ಇವತ್ತು ಪದವಿ ಓದುತ್ತಿರುವವರು ಆಗ ತಹಶೀಲ್ದಾರರೋ, ಎಂಜಿನಿಯರೋ, ಪತ್ರಕರ್ತರೋ ಆಗಿರುತ್ತಾರೆ. 163 ಮೀಟರ್ ಉದ್ದದ ಹಡಗನ್ನು ಇಡಿಯಾಗಿ ಉಳಿಸಿ ಎಂದು ನಾನು ಕೇಳುವುದಿಲ್ಲ. ವಿಕ್ರಾಂತ್, ವಿರಾಟ್ ನೋಡಿದ ಮೇಲೆ ಅದನ್ನು ಕೇಳುವುದು ಭಾವಾವೇಶ. ಕೇಳಬೇಕಾದದ್ದು ಬೇರೆ. ಐಎನ್‌ಎಸ್ ದೆಹಲಿ ಎಂಬ ನಮ್ಮ ಮೊದಲ ಕ್ರೂಸರ್ ಹಿಂದೆ ನ್ಯೂಜಿಲೆಂಡ್ ಪಡೆಯಲ್ಲಿದ್ದ ‘ಅಕಿಲೀಸ್’. 1978ರಲ್ಲಿ ಅದು ನಿವೃತ್ತವಾದ ಮೇಲೆ ಅದರ ಒಂದು ಫಿರಂಗಿ ಗೋಪುರವನ್ನು ಭಾರತ ನ್ಯೂಜಿಲೆಂಡಿಗೆ ಉಡುಗೊರೆ ಕೊಟ್ಟಿತು. ಆಕ್ಲೆಂಡ್‌ನ ನೌಕಾನೆಲೆಯ ಬಾಗಿಲಲ್ಲಿ ಅದು ಈಗಲೂ ಇದೆ. ಹಾಗೆಯೇ ಮೈಸೂರಿನ ಒಂದು ಫಿರಂಗಿ, ಕ್ಯಾಪ್ಟನ್ ನಿಲ್ಲುವ ಬ್ರಿಜ್‌ನ ಭಾಗ, ಪ್ರೊಪೆಲರ್, ಗಂಡಭೇರುಂಡದ ಲಾಂಛನ, ಗಂಟೆ ಇವನ್ನು ಕಾರವಾರಕ್ಕೂ ಮೈಸೂರಿಗೂ ಕೊಡಿ ಎಂದು ರಾಜ್ಯ ಸರ್ಕಾರ ರಕ್ಷಣಾ ಸಚಿವಾಲಯಕ್ಕೆ ಈಗಲೇ ಬರೆದಿಡಬಹುದು. ಹರಾಜಿನ ಷರತ್ತುಗಳು ಸಿದ್ಧವಾದ ಮೇಲೆ ಬರೆಯುವ ಪತ್ರಕ್ಕೆ ಬೆಲೆಯಿಲ್ಲ.

ಮೊದಲನೆಯ ಮೈಸೂರಿನ ಉಕ್ಕು ಹೋಯಿತು, ಅದರಲ್ಲಿ ಕೆಲಸ ಮಾಡಿದವರು ಎಲ್ಲರೂ ಹೋಗಿಲ್ಲ. 1985ರಲ್ಲಿ ಕೊನೆಯ ಸಲ ಅದರಿಂದ ಇಳಿದ ಎಳೆಯ ನಾವಿಕರು ಈಗ 60ರ ಆಸುಪಾಸಿನವರು. ಅಂಜುದೀವ್‌ ದಿನ 20 ವರ್ಷದವರಾಗಿದ್ದವರು 80 ದಾಟಿದ್ದಾರೆ. ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಕಚೇರಿಗಳಿವೆ, ಮಾಜಿ ಸೈನಿಕರ ಸಂಘಗಳಿವೆ. ಇತಿಹಾಸ ಅಥವಾ ಪತ್ರಿಕೋದ್ಯಮ ಓದುವವರು ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಇಲ್ಲಿದೆ. ಮೊಬೈಲ್‌ನ ರೆಕಾರ್ಡರ್ ಸಾಕು. ಯುದ್ಧದ ಬಗ್ಗೆ ಮೊದಲೇ ಕೇಳಬೇಡಿ, ಅದನ್ನು ಅವರು ನೂರು ಸಲ ಹೇಳಿರುತ್ತಾರೆ. ಎಂಜಿನ್ ಕೋಣೆಯಲ್ಲಿ ಸೆಕೆ ಎಷ್ಟಿತ್ತು, ಎಲ್ಲಿ ಮಲಗುತ್ತಿದ್ದಿರಿ, ಬ್ರಿಟಿಷರ ಕಾಲದ ಇಂಗ್ಲಿಷ್ ಫಲಕಗಳು ಗೋಡೆಯ ಮೇಲೆ ಉಳಿದಿದ್ದವೇ, ಹಡಗಿನಲ್ಲಿ ಕನ್ನಡ ಮಾತಾಡುವವರು ಎಷ್ಟು ಜನ ಇದ್ದರು, ರಾಗಿ ಮುದ್ದೆ ತಿಂದು ಬೆಳೆದವರಿಗೆ ಅಲ್ಲಿಯ ಊಟ ಹೇಗೆ ಒಗ್ಗಿತು ಎಂದು ಕೇಳಿ.